ಚೌತಿಯ ದಿನ ಚಂದ್ರಲೋಕಕ್ಕೆ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡ ಒಂದು ಅಯಸ್ಕಾಂತದ ಬಿಲ್ಲೆ ಇದೆ. ಅದರಲ್ಲೊಬ್ಬ ಮಹನೀಯ ಮರದ ಅಡ್ಡಪಟ್ಟಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾನೆ. ಕತ್ತಿನ ಸುತ್ತ ನೆರಿಗೆ ಹಿಡಿದ ದೊಡ್ಡ ಕಾಲರು, ಮೊಣಕಾಲಿಗೆ ಬಿಗಿದ ಚಲ್ಲಣ, ನೀಟಾಗಿ ಕತ್ತರಿಸಿದ ಗಡ್ಡ. ಅವನ ತಲೆಯ ಮೇಲೆ ಒಂದು ಹಿಂಡು ಹೆಬ್ಬಾತುಗಳು ಹಗ್ಗ ಕಟ್ಟಿಸಿಕೊಂಡು ಹಾರುತ್ತಿವೆ. ಆಸಾಮಿ ಚಂದ್ರಲೋಕಕ್ಕೆ ಹೊರಟಿದ್ದಾನೆ. ಮುಖದಲ್ಲಿ ಮಾತ್ರ ಬ್ಯಾಂಕಿಗೆ ಹೋಗಿ ಬರುವವನ ಭಾವ. ಸದ್ಯಕ್ಕೆ ಅವನ ಬುಡದಲ್ಲಿ ಪ್ಲಾಸ್ಟಿಕ್ ಕಸವನ್ನು ಯಾವ ವಾರ ಒಯ್ಯುತ್ತಾರೆ ಎಂದು ಇಲ್ಲಿಯ ನಗರಸಭೆಯಾದ ಕೊಮ್ಯೂನ್‌ನವರು ಕಳಿಸಿದ ಕಾಗದವನ್ನು ಸಿಕ್ಕಿಸಿದ್ದೇನೆ.

ಮನೆಗೆ ಬಂದವರು ಇದ್ಯಾರು ಎಂದು ಕೇಳುತ್ತಾರೆ. ಹಳೇ ಕಾಲದ ಗಗನಯಾತ್ರಿ ಎಂದು ಹೇಳಿ ಸುಮ್ಮನಾಗುತ್ತೇನೆ. ಪೂರ್ತಿ ಹೇಳಹೊರಟರೆ ಅವರ ಕಾಫಿ ಆರಿಹೋಗುತ್ತದೆ. ನಿಮ್ಮ ಕಾಫಿಯ ಜವಾಬ್ದಾರಿ ನನ್ನದಲ್ಲವಾದ್ದರಿಂದ ಹೇಳುತ್ತೇನೆ, ಕೇಳಿ.

ಮುನ್ನೂರು ನಾನೂರು ವರ್ಷಗಳ ಹಿಂದೆ ಯುರೋಪಿನ ಕಲಾವಿದರು ಇಂಥ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕುತ್ತಿದ್ದರು. ಚಂದ್ರನಲ್ಲಿಗೆ ಹೋಗುವುದು ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಯಾರು ಹೇಗೆ ಬೇಕಾದರೂ ಹೋಗಬಹುದಿತ್ತು. ಒಬ್ಬ ಹೆಬ್ಬಾತು ಕಟ್ಟಿಕೊಂಡ. ಇನ್ನೊಬ್ಬ ಸೊಂಟದ ಸುತ್ತ ಇಬ್ಬನಿ ತುಂಬಿದ ಶೀಶೆಗಳನ್ನು ಕಟ್ಟಿಕೊಂಡು ಬಿಸಿಲಿಗೆ ನಿಂತ; ಇಬ್ಬನಿ ಆವಿಯಾಗಿ ಮೇಲೇರುತ್ತದಲ್ಲ, ಜೊತೆಗೆ ತಾನೂ ಏರುತ್ತೇನೆ ಎಂಬುದು ಅವನ ಲೆಕ್ಕಾಚಾರ. ಮತ್ತೊಂದು ಚಿತ್ರದಲ್ಲಿ ಸುಂಟರಗಾಳಿಗೆ ಸಿಕ್ಕ ಹಡಗು ಹಾಯಿಪಟದ ಸಮೇತ ಚಂದ್ರನ ದಡಕ್ಕೆ ಹೋಗಿ ತಾಗುತ್ತಿದೆ. ಚಂದ್ರನಿಗಂತೂ ಎಲ್ಲ ಕಡೆಯೂ ಉದ್ದ ಮೂಗು, ದಪ್ಪ ತುಟಿ, ಊಟವಾಗಿ ಒಂದು ಗಳಿಗೆ ಒರಗಿದವನ ಕಣ್ಣು. ನಮ್ಮ ಚಂದ್ರನಲ್ಲಿ ಮೊಲ ಇದೆ. ಅವರ ಚಂದ್ರನಲ್ಲಿ ಅವರ ಮಾವನೇ ಇದ್ದಾನೆ.

ನನ್ನ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಕಟ್ಟಿದ್ದರಲ್ಲಿ ತಪ್ಪು ಹುಡುಕಿದರೆ ಆಫೀಸಿನಲ್ಲಿ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತೇನೆಂದು ನನ್ನ ಗಂಡನ ದೂರು. ಈ ಚಿತ್ರಗಳನ್ನು ನೋಡಿದಾಗಲೂ ನನಗೆ ಮೊದಲು ಕಂಡದ್ದು ತಪ್ಪುಗಳೇ. ಹೆಬ್ಬಾತುಗಳಿಗೆ ಬ್ರೇಕಿಲ್ಲ. ಇಬ್ಬನಿ ಮುಗಿದ ಮೇಲೆ ಇಳಿಯುವುದು ಹೇಗೆಂದು ಯಾರೂ ಯೋಚಿಸಿಲ್ಲ. ಎಲ್ಲಕ್ಕಿಂತ ದೊಡ್ಡ ಲೋಪವೆಂದರೆ, ಒಬ್ಬನ ಕೈಯಲ್ಲೂ ಬುತ್ತಿಯಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗಲೇ ಚಪಾತಿ ಪಲ್ಯ ಕಟ್ಟಿಕೊಳ್ಳುವ ವಂಶದವಳು ನಾನು. ಪುಳಿಯೋಗರೆ ಗೊಜ್ಜಿಲ್ಲದೆ ಚಂದ್ರನಲ್ಲಿಗೆ ಹೊರಟವರನ್ನು ಕಂಡರೆ ಮರುಕ ಬರುತ್ತದೆ.

ಇವರನ್ನೆಲ್ಲ ನಾನು ನೋಡಿದ್ದು ಸ್ವೀಡನ್ನಿನ ಲುಂಡ್‌ನಲ್ಲಿ, ಹದಿನೈದೋ ಹದಿನಾರೋ ಇಸವಿಯ ಒಂದು ಸೆಪ್ಟೆಂಬರಿನಲ್ಲಿ. ಜೊತೆಯಲ್ಲಿ ನನ್ನ ಅಮ್ಮ ಇದ್ದಳು, ಮಗಳು ಸಿರಿ ಇದ್ದಳು. ಸಿರಿ ಎಂಬುದು ಸ್ವೀಡನ್ನಿನಲ್ಲೂ ಹೆಣ್ಣುಮಕ್ಕಳಿಗೆ ಇಡುವ ಹೆಸರು. ಎರಡೂ ಕಡೆ ನಡೆಯಲಿ ಎಂದು ಬಹಳ ಜಾಣತನದಿಂದ ಆರಿಸಿದ್ದೆವು. ಆಮೇಲೆ ಫೋನಿನವರೂ ಅದೇ ಹೆಸರನ್ನು ಆರಿಸಿಕೊಂಡರು. ಈಗ ಅವಳನ್ನು ಊಟಕ್ಕೆ ಕೂಗಿದರೆ ಮೂಲೆಯಲ್ಲಿ ಬಿದ್ದಿರುವ ಫೋನು ನನಗೆ ಹತ್ತಿರದ ಹೋಟೆಲುಗಳನ್ನು ತೋರಿಸುತ್ತದೆ.

ಅಮ್ಮ ಮೈಸೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿ ನಿವೃತ್ತಳಾದವಳು. ನನ್ನ ಅಣ್ಣನ ಮನೆಯಲ್ಲಿದ್ದಾಳೆ. ಮೂರು ತಿಂಗಳ ವೀಸಾದ ಮೇಲೆ ಹೆಲ್ಸಿಂಗ್‌ಬೋರ್ಯ್‌ನ ನಮ್ಮ ಮನೆಗೆ ಬಂದಿದ್ದಳು. ಬರುವಾಗಲೇ ಒಂದು ಆಸೆ ಇಟ್ಟುಕೊಂಡು ಬಂದಿದ್ದಳು. ಏರ್‌ಪೋರ್ಟಿನಿಂದ ಬರುವ ದಾರಿಯಲ್ಲಿ, ಸಿರಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದು ನೋಡಿ, ನನ್ನ ಹತ್ತಿರ ಹೇಳಿದಳು.

"ಅವಳ ಬಾಯಿಂದ ನಾಲ್ಕು ಮಾತು ಕನ್ನಡ ಕೇಳ್ಕೊಂಡು ಹೋಗ್ತೀನಿ ಕಣೇ. ಇನ್ನೊಂದ್ಸಲ ಇಷ್ಟು ದೂರ ಬರೋಕೆ ನನ್ನ ಕೈಲಾಗುತ್ತೋ ಇಲ್ವೋ."

ಸಿರಿಗೆ ಕನ್ನಡ ಬಾರದೆ ಇಲ್ಲ. ಆರು ವರ್ಷದವರೆಗೆ ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ನಾವಿರುವ ದಕ್ಷಿಣದ ಈ ಸ್ಕೋನೆ ಪ್ರಾಂತ್ಯದ ಜನ ‘ರ’ ಎಂಬುದನ್ನು ನಾಲಿಗೆಯಿಂದ ಆಡುವುದಿಲ್ಲ, ಗಂಟಲಿನಿಂದ ಉರುಳಿಸುತ್ತಾರೆ. ದಾಗಿಸ್ ಎಂಬ ಶಿಶುವಿಹಾರಕ್ಕೆ ಹೋಗಿ ಹೋಗಿ ಸಿರಿಯ ಕನ್ನಡಕ್ಕೂ ಆ ಗಂಟಲು ಹತ್ತಿತ್ತು. ಆ ವರ್ಷ ಮೈಸೂರಿಗೆ ಹೋದಾಗ ಅಣ್ಣನ ಮಕ್ಕಳು, ಇವಳೇನು ಉಪ್ಪುನೀರು ಮುಕ್ಕಳಿಸಿದ ಹಾಗೆ ಮಾತಾಡ್ತಾಳೆ ಎಂದು ಅಣಕಿಸಿದರು. ನೀರು ಬಾಯಿಗೆ ಹಾಕಿಕೊಂಡು ‘ರಸ, ಸಾರು, ಮೊಸರು’ ಎಂದು ಗಳಗಳಿಸಿ ಮನೆ ತುಂಬ ಓಡಾಡಿದರು. ದೊಡ್ಡವರೂ ನಕ್ಕರು. ಸಿರಿ ಅಳಲಿಲ್ಲ, ಜಗಳವಾಡಲಿಲ್ಲ. ಅಂದಿನಿಂದ ಕನ್ನಡ ಆಡುವುದನ್ನು ನಿಲ್ಲಿಸಿದಳು, ಅಷ್ಟೇ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೋ ಸ್ವೀಡಿಷಿನಲ್ಲೋ ಉತ್ತರ ಬರುತ್ತದೆ.

ಅಮ್ಮ ಮೂರು ತಿಂಗಳು ಮಾಡದ ಉಪಾಯವಿಲ್ಲ. ತನಗೆ ಇಂಗ್ಲಿಷೇ ಬರುವುದಿಲ್ಲವೆಂಬಂತೆ ನಟಿಸಿದಳು. ಸಿರಿ ಕೈಸನ್ನೆಗೆ ಇಳಿದಳು. ಅಮ್ಮ ಕೋಡುಬಳೆ ಮಾಡಿ, ಕನ್ನಡದಲ್ಲಿ ಕೇಳಿದರೆ ಮಾತ್ರ ಕೊಡುತ್ತೇನೆ ಎಂದಳು. ಸಿರಿ ತಟ್ಟೆ ತೋರಿಸಿದಳು. ಹಾಗೆಂದು ಅವರಿಬ್ಬರಿಗೂ ವೈಮನಸ್ಯವೇನಿಲ್ಲ. ಒಟ್ಟಿಗೆ ಕೂತು ಇಸ್ಪೀಟಾಡುತ್ತಿದ್ದರು, ಬಾಲ್ಕನಿಯಲ್ಲಿ ರಂಗೋಲಿ ಬಿಡುತ್ತಿದ್ದರು. ಒಬ್ಬರ ಮಾತು ಒಂದು ಭಾಷೆಯಲ್ಲಿ, ಇನ್ನೊಬ್ಬರದು ಇನ್ನೊಂದರಲ್ಲಿ. ರಾತ್ರಿ ಅಮ್ಮ ಹಾಸಿಗೆ ಕೊಡವುತ್ತಾ, "ಅವತ್ತು ನಾನಾದ್ರೂ ಆ ಹುಡುಗ್ರನ್ನ ಗದರಬೇಕಿತ್ತು" ಎಂದು ಒಮ್ಮೆ ಹೇಳಿದಳು. ನನಗೆ ಬಹಳ ಸಂಕಟವಾಯಿತು. ಅವತ್ತು ನಕ್ಕವರಲ್ಲಿ ಅವಳಿದ್ದಳೋ ಇಲ್ಲವೋ ಎಂದು ಕೇಳಲು ಧೈರ್ಯ ಬರಲಿಲ್ಲ.

ಹೀಗಿರುವಾಗ ಸಿರಿಯ ಶಾಲೆಯಿಂದ ಸುದ್ದಿ ಬಂತು. ಲುಂಡ್‌ನ ಒಂದು ಹಳೆಯ ಸಂಗ್ರಹಾಲಯದಲ್ಲಿ ಚಂದ್ರಲೋಕದ ಪ್ರಯಾಣದ ಹಳೇ ಅಚ್ಚುಚಿತ್ರಗಳ ಪ್ರದರ್ಶನ. ಸುತ್ತಮುತ್ತಲ ಶಾಲೆಗಳ ಮಕ್ಕಳು, ಆ ಕಾಲದಲ್ಲಿ ನೀವಿದ್ದಿದ್ದರೆ ಹೇಗೆ ಹೋಗುತ್ತಿದ್ದಿರಿ ಎಂದು ತಾವೂ ಒಂದೊಂದು ಚಿತ್ರ ಬರೆದಿದ್ದಾರೆ. ಆರಿಸಿದ ಕೆಲವನ್ನು ಕೊನೆಯ ಗೋಡೆಯಲ್ಲಿ ತೂಗುಹಾಕುತ್ತಾರೆ. ಸಿರಿಯದೂ ಆಯ್ಕೆಯಾಗಿತ್ತು. ಅಜ್ಜಿ ಬರಲೇಬೇಕು ಎಂದು ಅವಳು ಹಟ ಹಿಡಿದಳು. ಏನು ಬರೆದಿದ್ದೀಯ ಎಂದರೆ ತುಟಿ ಬಿಚ್ಚಲಿಲ್ಲ. ಮಕ್ಕಳ ಚಿತ್ರಗಳನ್ನು ತೂಗುಹಾಕುವ ದಿನ ಯಾವುದೆಂದು ನೋಡಿದರೆ, ಗಣೇಶ ಚೌತಿ. ಅದಾದ ಮರುದಿನವೇ ಅಮ್ಮನ ವಿಮಾನ.

ಚೌತಿಯ ಚಂದ್ರನನ್ನು ನೋಡಿದರೆ ಕಳ್ಳತನದ ಅಪವಾದ ಬರುತ್ತದೆ ಎಂಬುದು ನಿಮಗೂ ಗೊತ್ತಿರುವ ವಿಷಯ. ನಾವು ಚಿಕ್ಕವರಿದ್ದಾಗ ಆ ಸಂಜೆ ಬೀದಿಯ ಮಕ್ಕಳೆಲ್ಲ ಸೇರಿ, "ನಿಮ್ಮನೇಲಿ ಗಣಪತಿ ಕೂಡಿಸಿದೀರಾ?" ಎಂದು ಮನೆಮನೆಗೆ ಹೋಗುತ್ತಿದ್ದೆವು. ಎಲ್ಲರ ತಲೆಯೂ ಬಗ್ಗಿರುತ್ತಿತ್ತು. ಹಾಗೆ ತಲೆ ತಗ್ಗಿಸಿ ನಡೆದು ನಾನೊಮ್ಮೆ ಲೈಟ್ ಕಂಬಕ್ಕೆ ಹಣೆ ಚಚ್ಚಿಕೊಂಡಿದ್ದೇನೆ; ಗುರುತು ಇನ್ನೂ ಇದೆ. ನಮ್ಮ ಸೋದರತ್ತೆ ಆ ಸಂಜೆ ಛತ್ರಿ ಬಿಚ್ಚಿಕೊಂಡೇ ಹೊರಬೀಳುತ್ತಿದ್ದಳು. ಛತ್ರಿಯಲ್ಲಿ ಒಂದು ತೂತಿತ್ತು. ಸರಿಯಾಗಿ ಆ ತೂತಿನಿಂದಲೇ ಚಂದ್ರ ಕಂಡನಂತೆ. ಆ ವರ್ಷವಿಡೀ ಮನೆಯಲ್ಲಿ ಏನೇ ಕಳೆದರೂ ಅವಳೇ ಮೊದಲು, ನಾನಲ್ಲ ಎಂದು ಕೂಗುತ್ತಿದ್ದಳು.

ಅಮ್ಮನಿಗೆ ಇದು ತಮಾಷೆಯ ವಿಷಯವಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಯಾರದೋ ಮದುವೆಮನೆಯಲ್ಲಿ ಬೆಳ್ಳಿಯ ಕುಂಕುಮದ ಭರಣಿ ಕಾಣೆಯಾಗಿ, ಹೊಸ ಸೊಸೆಯ ಪೆಟ್ಟಿಗೆಯನ್ನು ಎಲ್ಲರೆದುರು ತೆಗೆಸಿ ನೋಡಿದ್ದರು. ಭರಣಿ ಮಾರನೆಯ ದಿನ ಅಕ್ಕಿಯ ಡಬ್ಬದಲ್ಲಿ ಸಿಕ್ಕಿತು. ತಪ್ಪಾಯಿತು ಎಂದು ಒಬ್ಬರೂ ಹೇಳಲಿಲ್ಲ. ಊಟದಲ್ಲಿ ಅವಳಿಗೊಂದು ಹೋಳಿಗೆ ಹೆಚ್ಚಿಗೆ ಬಡಿಸಿದರು. ಆ ವರ್ಷದ ಚೌತಿಯಲ್ಲಿ ತಾನು ಬಟ್ಟೆ ತರಲು ಮಹಡಿಗೆ ಹೋಗಿದ್ದೆ, ಚಂದ್ರ ಕಣ್ಣಿಗೆ ಬಿದ್ದಿದ್ದ ಎಂದು ಅಮ್ಮ ಇವತ್ತಿಗೂ ನಂಬುತ್ತಾಳೆ.

ಹೀಗಾಗಿ ಅಮ್ಮ ಪ್ರದರ್ಶನಕ್ಕೆ ಬರುವುದಿಲ್ಲ ಎಂದಳು. ಸ್ವೀಡನ್ನಿನಲ್ಲಿ ಸೆಪ್ಟೆಂಬರಿನ ಚೌತಿ ಚಂದ್ರ ಸೂರ್ಯನ ಹಿಂದೆಯೇ ದಿಗಂತಕ್ಕೆ ಒರಗಿಕೊಂಡು ಹೋಗಿ, ನಾವು ತಲೆ ಎತ್ತುವುದರೊಳಗೆ ಮುಳುಗಿರುತ್ತಾನೆ, ನೀನು ಬೇಕೆಂದು ಹುಡುಕಿದರೂ ಸಿಗುವುದಿಲ್ಲ ಎಂದು ನಾನು ವಾದಿಸಿದೆ.

"ಹೊರಗಿನ ಚಂದ್ರ ಬಿಡು. ಒಳಗೆ ಗೋಡೆ ತುಂಬ ಅವನೇ ಅಲ್ವೇನೇ?"

"ಅಮ್ಮಾ, ಅದು ಚಿತ್ರ."

"ಕೃಷ್ಣ ಏನ್ ನಿಜವಾದ ಚಂದ್ರನ್ನ ನೋಡಿದ್ನಾ? ಹಾಲಲ್ಲಿ ಬಿಂಬ ನೋಡಿದ್ದು. ಅಷ್ಟಕ್ಕೇ ಅವನ ಮೇಲೆ ಕಳ್ಳ ಅಂತ ಬಂತು."

ಗಣಿತದವರ ಹತ್ತಿರ ವಾದ ಮಾಡಬಾರದು. ಆದರೂ ದೇವರ ಕೋಣೆಯ ಕಡೆ ಕೈ ತೋರಿಸಿ, ಶಿವನ ಪಟದಲ್ಲಿ ಚಂದ್ರ ಇಲ್ಲವೇ, ಬೆಳಿಗ್ಗೆ ಅವನಿಗೂ ಮಂಗಳಾರತಿ ಮಾಡಿದೆಯಲ್ಲ ಎಂದೆ. "ಅದು ಶಿವನ ತಲೆ ಮೇಲೆ ಕೂತು ಪಾಪ ತೊಳ್ಕೊಂಡಿರೋ ಚಂದ್ರ" ಎಂದಳು. ಕೊನೆಗೆ ಮೈಸೂರಿನ ಪುರೋಹಿತರಿಗೆ ವಾಟ್ಸಾಪಿನಲ್ಲಿ ಕೇಳಿದೆವು. ಚಿತ್ರದ ಚಂದ್ರನಿಗೆ ದೋಷ ಹೇಳಿಲ್ಲ, ಆದರೆ ನೋಡದಿದ್ದರೆ ಒಳ್ಳೆಯದು ಎಂದು ಉತ್ತರ ಬಂತು. ನಮ್ಮ ಆಫೀಸಿನ ವಕೀಲರು ಕೂಡ ಸರಿಯಾಗಿ ಹೀಗೆಯೇ ಬರೆಯುತ್ತಾರೆ.

ಇದೆಲ್ಲವನ್ನೂ ಸಿರಿ ಸೋಫಾದ ಮೇಲೆ ಕೂತು ಕೇಳುತ್ತಿದ್ದಳು. ಎದ್ದು ಬಂದು ಅಜ್ಜಿಯ ಮುಂದೆ ನಿಂತು, ತನ್ನ ಅಂಗೈಯನ್ನು ಅಜ್ಜಿಯ ಕಣ್ಣಿಗೆ ಅಡ್ಡ ಹಿಡಿದು ತೆಗೆದಳು. "ಐ ವಿಲ್ ಕವರ್ ದ ಮೂನ್. ಎವ್ರಿ ಮೂನ್. ಪ್ಲೀಸ್, ಅಜ್ಜಿ."

ಅಮ್ಮ ಸೀರೆ ಬದಲಾಯಿಸಲು ಒಳಗೆ ಹೋದಳು.

ನನ್ನ ಗಂಡ ಆ ವಾರ ಕೆಲಸದ ಮೇಲೆ ಸ್ಟಾಕ್‌ಹೋಮಿನಲ್ಲಿದ್ದದ್ದರಿಂದ ನಾವು ಮೂವರೇ ರೈಲು ಹಿಡಿದೆವು. ಬೆಳಗಿನ ಕಡುಬು ಉಳಿದದ್ದನ್ನು ಅಮ್ಮ ಡಬ್ಬಿಗೆ ಹಾಕಿಕೊಂಡಿದ್ದಳು. ಲುಂಡ್ ನಿಲ್ದಾಣದ ಹೊರಗೆ ಎಂದಿನಂತೆ ಸೈಕಲ್ಲುಗಳ ಜಾತ್ರೆ. ಅವುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಸಂಗ್ರಹಾಲಯ ತಲುಪಿದೆವು.

ಒಳಗೆ ನಡೆದದ್ದನ್ನು ನೀವು ನೋಡಬೇಕಿತ್ತು. ಮುಂದೆ ಸಿರಿ. ಅವಳ ಹಿಂದೆ ನೆಲ ನೋಡಿಕೊಂಡು ಅಮ್ಮ. ಪ್ರತಿ ಚಿತ್ರದ ಎದುರು ಸಿರಿ ಮೊದಲು ನಿಂತು, ಚಂದ್ರ ಎಲ್ಲಿದ್ದಾನೆಂದು ಪತ್ತೆ ಹಚ್ಚಿ, ಅವನ ಮೇಲೆ ಅಂಗೈ ಹಿಡಿದು, "ಓಕೆ" ಎನ್ನುವಳು. ಅಮ್ಮ ತಲೆಯೆತ್ತಿ ನೋಡುವಳು. ಹೆಬ್ಬಾತುಗಳ ಮನುಷ್ಯನನ್ನು ನೋಡಿ, "ಪಾಪ, ಪಟ್ಟಿಗೆ ಒಂದು ದಿಂಬಾದ್ರೂ ಹಾಕ್ಕೋಬಾರ್ದಿತ್ತಾ" ಎಂದಳು. ಇಬ್ಬನಿ ಶೀಶೆಯವನ ಮುಂದೆ ನಿಂತು, ಇಷ್ಟು ತೂಕಕ್ಕೆ ಎಷ್ಟು ಇಬ್ಬನಿ ಬೇಕಾಗುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದಳು. ಯಾರೂ ಹೆಂಗಸರಿಲ್ಲವಲ್ಲ ಎಂಬುದನ್ನು ಗಮನಿಸಿದ್ದೂ ಅವಳೇ. "ಎಲ್ಲ ಗಂಡಸ್ರೇ ಹೊರಟಿದಾರೆ. ಮನೇಲಿ ಹಾಲಿನವನಿಗೆ ಯಾರು ಹೇಳ್ಬೇಕು?"

ಅಷ್ಟರಲ್ಲಿ ಸಂಗ್ರಹಾಲಯದ ಒಬ್ಬ ಉದ್ದನೆಯ ಮನುಷ್ಯ ಬಂದು ಚಿತ್ರಗಳನ್ನು ಮುಟ್ಟಬಾರದು ಎಂದು ಮೆಲ್ಲಗೆ ಹೇಳಿದ. ಸಿರಿ ಸ್ವೀಡಿಷಿನಲ್ಲಿ ವಿವರಿಸಿದಳು: ನಾನು ಮುಟ್ಟುತ್ತಿಲ್ಲ, ಇವರು ನನ್ನ ಮೊರ್‌ಮೊರ್, ಅಂದರೆ ತಾಯಿಯ ತಾಯಿ, ಇವರು ಇವತ್ತೊಂದು ದಿನ ಚಂದ್ರನನ್ನು ನೋಡುವ ಹಾಗಿಲ್ಲ. ಈ ದೇಶದಲ್ಲಿ ಯಾರಿಗಾದರೂ ಏನಾದರೂ ಆಗುವುದಿಲ್ಲ ಎಂದರೆ ಯಾಕೆ ಎಂದು ಕೇಳುವುದಿಲ್ಲ. ಹಾಲು ಆಗದವರು, ಗೋಧಿ ಆಗದವರು, ಸುಗಂಧ ಆಗದವರು ಇರುವಾಗ ಚಂದ್ರ ಆಗದವರೂ ಇರಬಹುದು. ಅವನು ಗಂಭೀರವಾಗಿ ತಲೆಯಾಡಿಸಿ ಹೋದ. ಫಿಕಾಗೆ, ಅಂದರೆ ಕಾಫಿ ತಿಂಡಿಗೆ, ಇಟ್ಟಿದ್ದ ಒಂದು ಕಾಗದದ ತಟ್ಟೆಯನ್ನು ತಂದು ಸಿರಿಯ ಕೈಗೆ ಕೊಟ್ಟು, ಇದನ್ನು ಸ್ವಲ್ಪ ದೂರದಿಂದ ಹಿಡಿ, ಸಾಕಾಗುತ್ತದೆ ಎಂದ. ಆಮೇಲೆ ಇನ್ನೂ ದೊಡ್ಡ ಚಂದ್ರರು ಇರುವ ಕೋಣೆಗೆ ತಾನೇ ಮುಂದಾಗಿ ದಾರಿ ತೋರಿಸಿದ.

ಕೊನೆಯ ಗೋಡೆಗೆ ಬಂದೆವು. ಮಕ್ಕಳ ಚಿತ್ರಗಳಲ್ಲಿ ರಾಕೆಟ್ಟುಗಳಿದ್ದವು, ಬಲೂನುಗಳಿದ್ದವು, ಒಂದರಲ್ಲಿ ಬರೀ ಟ್ರಾಂಪೊಲಿನ್ ಇತ್ತು. ಸಿರಿ ತನ್ನ ಚಿತ್ರದ ಮುಂದೆ ನಿಂತು ಬಲಮೂಲೆಗೆ ತಟ್ಟೆ ಹಿಡಿದಳು.

ಅದರಲ್ಲೂ ಹೆಬ್ಬಾತುಗಳಿದ್ದವು. ಅವು ಎಳೆಯುತ್ತಿದ್ದ ಪಟ್ಟಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಹಸಿರು ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ, ಮೂಗಿನ ತುದಿಗೆ ಇಳಿದ ಕನ್ನಡಕ. ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಒಂದು ಕೈ ಡಬ್ಬಿಯ ಮೇಲೆ, ಇನ್ನೊಂದು ಕೈ ಮುಂದೆ ಚಾಚಿ ತಟ್ಟೆಯ ಅಡಿಗೆ ಹೋಗಿ ಮರೆಯಾಗಿತ್ತು.

ಅಮ್ಮ ಬಹಳ ಹೊತ್ತು ನೋಡಿದಳು. "ನಾನೇ ಅಲ್ವಾ?"

ಸಿರಿ ತಲೆಯಾಡಿಸಿದಳು.

"ಕೈ ಯಾಕೆ ಚಾಚಿದೀನಿ? ಅಲ್ಲಿ ಯಾರಿದಾರೆ?"

ಸಿರಿ ತಟ್ಟೆ ಅಲ್ಲಾಡಿಸದೆ ನನ್ನ ಕಡೆ ನೋಡಿದಳು.  ಸಂಜೆಯ ರೈಲಿನ ಹೊತ್ತಾಗುತ್ತಿತ್ತು. ನಾಳೆ ವಿಮಾನ.

"ತೆಗಿ ಪುಟ್ಟಿ."

"ಬಟ್ ಅಜ್ಜಿ, ದ ಮೂನ್..."

"ಬರೋ ಅಪವಾದ ಬರ್ಲಿ. ತೆಗಿ."

ಅವಳು ತೆಗೆಯಲಿಲ್ಲ. ಅಮ್ಮನೇ ಅವಳ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು. ತಟ್ಟೆಯ ಹಿಂದೆ ಚಂದ್ರ ಇದ್ದ, ಉರುಟಾಗಿ, ಮೂಗಿಲ್ಲದೆ. ಅವನ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿ. ಬಾಲ್ಕನಿಯಲ್ಲಿ ಸಿರಿಯ ಹಾಗೆಯೇ ಎರಡು ಜಡೆಯ ಹುಡುಗಿಯೊಬ್ಬಳು ಕಟಕಟೆಯ ಮೇಲೆ ಅರ್ಧ ಬಾಗಿ ಎರಡೂ ಕೈ ಚಾಚಿದ್ದಳು. ಬೆರಳುಗಳು ಇನ್ನೂ ತಾಗಿರಲಿಲ್ಲ.

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. "ಜಡೆ ಚೆನ್ನಾಗಿ ಬರ್ದಿದೀಯ" ಎಂದಳು. ನಾನು ಗೋಡೆಯ ಆ ಕಡೆಯ ಟ್ರಾಂಪೊಲಿನ್ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಲು ಹೋದೆ. ಹೊರಗೆ ಬರುವಾಗ ಅಲ್ಲಿಯ ಅಂಗಡಿಯಲ್ಲಿ ಫ್ರಿಜ್ಜಿನ ಆ ಬಿಲ್ಲೆ ಕೊಂಡೆ.

ರೈಲಿನಲ್ಲಿ ಕೂತ ಮೇಲೆ ಸಿರಿಯ ಮುಖ ಸಣ್ಣದಾಗಿತ್ತು. ನಾಳೆ ಏರ್‌ಪೋರ್ಟಿನಲ್ಲಿ ಅಜ್ಜಿಯ ಪೆಟ್ಟಿಗೆಯನ್ನು ಎಲ್ಲರೆದುರು ತೆರೆಸಿದರೆ, ಎಂದು ಇಂಗ್ಲಿಷಿನಲ್ಲಿ ನನ್ನ ಕಿವಿಯಲ್ಲಿ ಕೇಳಿದಳು. ಭರಣಿಯ ಕತೆ ಅವಳಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಕೇಳಿಸಿತು.

"ಅದಕ್ಕೆ ಪರಿಹಾರ ಇದೆ ಪುಟ್ಟಿ. ಶಮಂತಕ ಮಣಿ ಕತೆ ಕೇಳಿದ್ರೆ ದೋಷ ಹೋಗುತ್ತೆ."

ನಾನು ಗಂಟಲು ಸರಿಮಾಡಿಕೊಂಡು, ಸತ್ರಾಜಿತ ಅಂತ ಒಬ್ಬ, ಎಂದು ಶುರುಮಾಡಿದೆ. ಅಮ್ಮ ಕೈ ಅಡ್ಡ ಹಿಡಿದಳು.

"ನೀನೂ ಚಂದ್ರನ್ನ ನೋಡಿದೀಯ. ನೋಡಿದವರು ಹೇಳೋ ಹಾಗಿಲ್ಲ, ಕೇಳಬೇಕು."

"ಅವಳೂ ನೋಡಿದಾಳಲ್ಲಮ್ಮ, ಬರ್ದಿದ್ದೇ ಅವಳು."

"ಮಕ್ಕಳಿಗೆ ದೋಷ ಇಲ್ಲ."

ಇಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ ಎಂದು ನನಗೆ ಗೊತ್ತು. ಪುರೋಹಿತರನ್ನು ಕೇಳೋಣ ಎಂದು ಫೋನು ತೆಗೆಯುವುದರಲ್ಲಿದ್ದೆ. ಅಮ್ಮ ನನ್ನನ್ನು ನೋಡಿದ ನೋಟಕ್ಕೆ ಫೋನು ಚೀಲಕ್ಕೆ ವಾಪಸ್ಸು ಹೋಯಿತು.

ಸಿರಿ ಇಂಗ್ಲಿಷಿನಲ್ಲಿ ಶುರುಮಾಡಿದಳು. ಕತೆ ಅವಳಿಗೆ ಚೆನ್ನಾಗಿ ಗೊತ್ತು. ಪ್ರತಿ ಚೌತಿಗೂ ಅಮ್ಮ ವಿಡಿಯೋದಲ್ಲಿ ಹೇಳಿದ್ದಾಳೆ. ಎರಡು ವಾಕ್ಯವಾಯಿತು. ಅಮ್ಮ ಕಿಟಕಿಯ ಹೊರಗೆ, ಕೊಯ್ಲಾದ ಹೊಲಗಳ ಕಡೆ ನೋಡುತ್ತಾ ಕೂತಿದ್ದಳು. ಹೂಂ ಅನ್ನಲಿಲ್ಲ. ಹೂಂಗುಟ್ಟದವರ ಎದುರು ಕತೆ ಎಷ್ಟು ದೂರ ಹೋದೀತು? ಸಿರಿ ನಿಲ್ಲಿಸಿದಳು. ಲಾಂಡ್ಸ್‌ಕ್ರೋನಾ ನಿಲ್ದಾಣ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಡಬ್ಬಿಯಲ್ಲಿದ್ದ ಕಡುಬನ್ನು ಯಾರೂ ಮುಟ್ಟಲಿಲ್ಲ.

"ಒಬ್ಬ... ಸತ್ರಾಜಿತ ಇದ್ದ."

ಆ ‘ರ’ ನೇರ ಗಂಟಲಿನ ಆಳದಿಂದ ಬಂತು.

"ಹೂಂ" ಎಂದಳು ಅಮ್ಮ, ಕಿಟಕಿಯಿಂದ ತಿರುಗದೆ.

"ಅವನ ಹತ್ರ ಒಂದು... ಒಂದು..." ಪದ ಸಿಗಲಿಲ್ಲ. ನಾನು ಹೇಳಿಕೊಡಲು ಬಾಯಿ ತೆರೆದೆ. ಅಮ್ಮನ ಸ್ಪೋರ್ಟ್ಸ್ ಶೂ ನನ್ನ ಪಾದದ ಮೇಲೆ ಬಲವಾಗಿ ಕೂತಿತು. "ಕಲ್ಲು. ಹೊಳೆಯೋ ಕಲ್ಲು ಇತ್ತು. ಸೂರ್ಯ ಕೊಟ್ಟಿದ್ದು."

"ಹೂಂ."

"ಅವನ ತಮ್ಮ ಹಾಕ್ಕೊಂಡು ಕಾಡಿಗೆ ಹೋದ. ಸಿಂಹ ಬಂತು. ಅವನು ಸತ್ತ. ಆಮೇಲೆ ಕರಡಿ ಬಂತು. ಸಿಂಹ ಸತ್ತ. ಕರಡಿ ಕಲ್ಲು ತಗೊಂಡು ಮನೆಗೆ ಹೋಗಿ ಮಗೂಗೆ ಕೊಡ್ತು, ಆಟ ಆಡೋಕೆ. ಆದ್ರೆ ಎಲ್ರೂ ಕೃಷ್ಣ ಕಳ್ಳ ಅಂದ್ರು."

"ಹೂಂ."

"ಅವನು ಮಾಡಿಲ್ಲ."

"ಹೂಂ."

"ಅವನು ಹಾಲಲ್ಲಿ ಚಂದ್ರನ್ನ ನೋಡಿದ್ದ. ಅಷ್ಟೇ. ಅವನು ಕಾಡಿಗೆ ಹೋಗಿ ಕರಡಿ ಜೊತೆ ತುಂಬಾ ದಿನ ಫೈಟ್ ಮಾಡಿ ಕಲ್ಲು ತಂದು ಕೊಟ್ಟ. ಆಮೇಲೆ..." ಸಿರಿ ನಿಂತಳು. "ಆಮೇಲೆ ಯಾರಾದ್ರೂ ಸಾರಿ ಹೇಳಿದ್ರಾ, ಅಜ್ಜಿ?"

"ಇಲ್ಲ" ಎಂದಳು ಅಮ್ಮ. "ಹೆಣ್ಣು ಕೊಟ್ಟು ಮದುವೆ ಮಾಡಿದ್ರು."

"ದಟ್ಸ್ ನಾಟ್... ಅದು ಸಾರಿ ಅಲ್ಲ."

"ಅಲ್ಲ. ಸಾರಿನೇ ಹೇಳ್ಬೇಕಿತ್ತು. ನಿಂಗೂ ಹೇಳ್ಬೇಕಿತ್ತು ಪುಟ್ಟಿ. ಅವತ್ತು ಮೈಸೂರಲ್ಲಿ ನಾನೂ ನಕ್ಕಿದ್ದೆ."

ಸಿರಿ ಡಬ್ಬಿಯ ಮುಚ್ಚಳ ತೆಗೆದು ಒಂದು ಕಡುಬು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಅಜ್ಜಿಯ ಕೈಗಿಟ್ಟಳು. ಇಲ್ಲಿಯ ರೈಲುಗಳು ಸದ್ದಿಲ್ಲದೆ ಓಡುತ್ತವೆ. ಪಕ್ಕದ ಸೀಟಿನವನು ಪುಸ್ತಕದ ಪುಟ ತಿರುಗಿಸಿದ್ದೂ ನನಗೆ ಕೇಳಿಸುತ್ತಿತ್ತು.

ಅಮ್ಮ ಕಡುಬು ಮುಗಿಸಿ ಕೈ ಒರೆಸಿಕೊಂಡು, ಸಿರಿಯ ಕಡೆಗೆ ಪೂರ್ತಿ ತಿರುಗಿ ಕೂತಳು.

"ಈ ರೈಲಿನ ಗಲಾಟೇಲಿ ಏನೂ ಸರಿಯಾಗಿ ಕೇಳಿಸ್ಲಿಲ್ಲ" ಎಂದಳು. "ಮೊದಲಿಂದ ಹೇಳು."